ಒಂದೇ ಚರ್ಚು, 8 ಗಂಟೆಗೆ ಒಂದು ಆರಾಧನೆ, 10 ಗಂಟೆಗೆ ಇನ್ನೊಂದು: ಆಂಗ್ಲಿಕನ್ ಆರಾಧನಾ ಕ್ರಮ ಇಷ್ಟು ಸಲ ಯಾಕೆ ಬದಲಾಯಿತು?

ಲೀಡ್ಸ್_ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ನಾನು ಕ್ರೈಸ್ತನಲ್ಲ, ಇತಿಹಾಸ ಓದುವ ಹುಚ್ಚು ಇದೆ ಅಷ್ಟೇ. ಮನೆ ಹತ್ತಿರದ ಚರ್ಚ್ ಆಫ್ ಇಂಗ್ಲೆಂಡ್ (ಆಂಗ್ಲಿಕನ್) ಚರ್ಚಿನಲ್ಲಿ ಭಾನುವಾರ ಬೆಳಿಗ್ಗೆ ಎರಡು ಆರಾಧನೆ ನಡೆಯುತ್ತವೆ. 8 ಗಂಟೆಯದ್ದು 1662ರ ಪುಸ್ತಕದ ಪ್ರಕಾರ. ಅಲ್ಲಿ ಬೆರಳೆಣಿಕೆಯಷ್ಟು ಹಿರಿಯರು, ಹಾಡಿಲ್ಲ, ಹಳೇ ಇಂಗ್ಲಿಷ್, ಪಾದ್ರಿ ಜನರಿಗೆ ಬೆನ್ನು ಮಾಡಿ ನಿಂತಿರುತ್ತಾರೆ. 10 ಗಂಟೆಯದ್ದು 'ಕಾಮನ್ ವರ್ಷಿಪ್' ಅಂತೆ. ಅಲ್ಲಿ ಮಕ್ಕಳು, ಗಿಟಾರು, ಪಾದ್ರಿ ಮೇಜಿನ ಹಿಂದೆ ನಿಂತು ನಮ್ಮ ಕಡೆ ಮುಖ. ನಡುವೆ ಎಲ್ಲರೂ ಎದ್ದು ಒಬ್ಬರಿಗೊಬ್ಬರು ಕೈ ಕೊಡುತ್ತಾರೆ. ಒಂದೇ ಪಂಥ, ಒಂದೇ ಕಟ್ಟಡ, ಒಬ್ಬರೇ ಪಾದ್ರಿ. ಇದು ಹೇಗೆ ಸಾಧ್ಯ? ಗೊತ್ತಿರುವವರು ಸ್ವಲ್ಪ ವಿವರವಾಗಿ ಹೇಳಿ.

ಹಳೇಪುಸ್ತಕ:
ಚಿಕ್ಕ ಉತ್ತರ ಮೊದಲು. 1662ರ 'ಬುಕ್ ಆಫ್ ಕಾಮನ್ ಪ್ರೇಯರ್', ಅಂದರೆ ಸಾಮಾನ್ಯ ಪ್ರಾರ್ಥನಾ ಪುಸ್ತಕ, ಇಂಗ್ಲೆಂಡಿನಲ್ಲಿ ಇವತ್ತಿಗೂ ಚಾಲ್ತಿಯಲ್ಲಿದೆ. ಅದಕ್ಕೆ ಕಾನೂನಿನ ರಕ್ಷಣೆ ಇದೆ, ಪಾರ್ಲಿಮೆಂಟ್ ಒಪ್ಪದೆ ತೆಗೆಯೋಕೆ ಆಗಲ್ಲ. 2000ದಲ್ಲಿ ಬಂದ ಕಾಮನ್ ವರ್ಷಿಪ್ ಅದರ ಜಾಗಕ್ಕೆ ಬಂದದ್ದಲ್ಲ, ಪಕ್ಕಕ್ಕೆ ಬಂದದ್ದು. ಹಾಗಾಗಿ ನಿಮ್ಮೂರಿನ ಪಾದ್ರಿ ಎರಡನ್ನೂ ನಡೆಸಬಹುದು.

ದೊಡ್ಡ ಉತ್ತರಕ್ಕೆ 16ನೇ ಶತಮಾನಕ್ಕೆ ಹೋಗಬೇಕು. ಎಂಟನೇ ಹೆನ್ರಿ ರೋಮಿನ ಜೊತೆ ಸಂಬಂಧ ಕಡಿದುಕೊಂಡಿದ್ದು 1534ರಲ್ಲಿ ಅಂತ ಎಲ್ಲರಿಗೂ ಗೊತ್ತು. ಆದರೆ 1547ರಲ್ಲಿ ಅವನು ಸಾಯುವವರೆಗೂ ಬಲಿಪೂಜೆ (ರೊಟ್ಟಿ, ದ್ರಾಕ್ಷಾರಸದ ಮುಖ್ಯ ಆರಾಧನೆ) ಲ್ಯಾಟಿನ್‌ನಲ್ಲೇ ಇತ್ತು. ಇಂಗ್ಲಿಷಿಗೆ ಬಂದ ಮೊದಲ ಅಧಿಕೃತ ಆರಾಧನೆ ಅಂದರೆ 1544ರ ಬಿನ್ನಹ ಪ್ರಾರ್ಥನೆ. ಯುದ್ಧದ ಸಮಯ, ಮೆರವಣಿಗೆಯಲ್ಲಿ ಜನ ಬಾಯಿಬಿಟ್ಟು ಪ್ರಾರ್ಥಿಸಲಿ ಅಂತ ಮಾಡಿದ್ದು. ಬರೆದವರು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಥಾಮಸ್ ಕ್ರ್ಯಾನ್ಮರ್.

ಹೆನ್ರಿಯ ಮಗ ಆರನೇ ಎಡ್ವರ್ಡ್ ಪಟ್ಟಕ್ಕೆ ಬಂದಾಗ ಒಂಬತ್ತು ವರ್ಷದ ಹುಡುಗ. ಅವನ ಸುತ್ತ ಇದ್ದವರು ಪ್ರೊಟೆಸ್ಟೆಂಟ್ ಸುಧಾರಣೆಯ ಪರ. ಆಗ ಕ್ರ್ಯಾನ್ಮರ್ ಕೈ ಬಿಚ್ಚಿ ಕೆಲಸ ಮಾಡಿದರು. 1549ರಲ್ಲಿ ಇಡೀ ದೇಶಕ್ಕೆ ಒಂದೇ ಇಂಗ್ಲಿಷ್ ಪುಸ್ತಕ ಬಂತು. ಅದರ ಮುನ್ನುಡಿ ಓದಿದರೆ ಅವರ ತಲೆನೋವು ಅರ್ಥವಾಗುತ್ತೆ. ಹಳೇ ವ್ಯವಸ್ಥೆಯಲ್ಲಿ ಸಾಲ್ಸ್‌ಬರಿಗೆ ಒಂದು ಪದ್ಧತಿ, ಹೆರಿಫರ್ಡ್‌ಗೆ ಇನ್ನೊಂದು, ಯಾರ್ಕ್‌ಗೆ ಮತ್ತೊಂದು. ಇವತ್ತು ಏನು ಓದಬೇಕು ಅಂತ ಹುಡುಕೋ ಕಷ್ಟ ಓದೋ ಕಷ್ಟಕ್ಕಿಂತ ಜಾಸ್ತಿ ಅಂತ ಅವರೇ ಗೊಣಗಿದ್ದಾರೆ. ಮಠಗಳಲ್ಲಿ ದಿನಕ್ಕೆ ಎಂಟು ಸಲ ನಡೆಯುತ್ತಿದ್ದ ಪ್ರಾರ್ಥನೆಗಳನ್ನು ಅವರು ಬೆಳಗಿನದ್ದು, ಸಂಜೆಯದ್ದು ಅಂತ ಎರಡಕ್ಕೆ ಇಳಿಸಿದರು. ಬೈಬಲಿನ 150 ಕೀರ್ತನೆಗಳು ತಿಂಗಳಿಗೊಂದು ಸುತ್ತು ಮುಗಿಯಬೇಕು, ಹಳೇ ಒಡಂಬಡಿಕೆಯ ಬಹುಪಾಲು ವರ್ಷಕ್ಕೊಮ್ಮೆ ಓದಿ ಆಗಬೇಕು. ಎಲ್ಲ ಒಂದೇ ಪುಸ್ತಕದಲ್ಲಿ, ಜನರ ಭಾಷೆಯಲ್ಲಿ.

ಗದಗಿನವ:
ಜನರ ಭಾಷೆ ಅಂತ ಎಲ್ಲರೂ ಹೊಗಳುತ್ತಾರೆ. ಆದರೆ ಜನ ಕೇಳಿದ್ದರಾ? ನನಗೆ ತಿಳಿದ ಹಾಗೆ 1549ರ ಪುಸ್ತಕ ಬಂದ ತಕ್ಷಣ ದಂಗೆ ಆಯಿತು.

ಹಳೇಪುಸ್ತಕ:
ಆಯಿತು. ಆ ವರ್ಷ ಜೂನ್ 9, ಪಂಚಾಶತ್ತಮ ಹಬ್ಬದ ದಿನದಿಂದ ಹೊಸ ಪುಸ್ತಕ ಕಡ್ಡಾಯ. ಡೆವನ್‌ನ ಸ್ಯಾಂಪ್‌ಫರ್ಡ್ ಕೋರ್ಟ್ನಿ ಅನ್ನೋ ಹಳ್ಳಿಯಲ್ಲಿ ಮಾರನೇ ದಿನವೇ ಜನ ಪಾದ್ರಿಯನ್ನು ಸುತ್ತುವರಿದು, ಹಳೇ ನಿಲುವಂಗಿ ಹಾಕಿಸಿ, ಲ್ಯಾಟಿನ್ ಪೂಜೆ ಮಾಡಿಸಿದರು. ಕಾರ್ನ್‌ವಾಲ್‌ನವರೂ ಸೇರಿಕೊಂಡರು. ಎಕ್ಸೆಟರ್ ಪಟ್ಟಣಕ್ಕೆ ವಾರಗಟ್ಟಲೆ ಮುತ್ತಿಗೆ ಹಾಕಿದರು. ಹೊಸ ಆರಾಧನೆ ಕ್ರಿಸ್‌ಮಸ್ ಆಟದ ಹಾಗಿದೆ ಅಂತ ಅವರ ಬೇಡಿಕೆ ಪಟ್ಟಿಯಲ್ಲೇ ಇದೆ. ಕಾರ್ನ್‌ವಾಲ್‌ನವರ ವಾದ ಇನ್ನೂ ಬಿಗಿ: ನಮ್ಮಲ್ಲಿ ಕೆಲವರಿಗೆ ಇಂಗ್ಲಿಷೇ ಬರಲ್ಲ. ಕ್ರ್ಯಾನ್ಮರ್ ಇದಕ್ಕೆ ಉದ್ದದ ಉತ್ತರ ಬರೆದರು. ಇಂಗ್ಲಿಷ್ ಬರದವರಿಗೆ ಲ್ಯಾಟಿನ್ ಬರುತ್ತಾ ಅನ್ನೋದು ಅವರ ಪ್ರಶ್ನೆ. ವಾದ ಗೆದ್ದರು, ಆದರೆ ಕಾರ್ನಿಷ್ ಭಾಷೆಯಲ್ಲಿ ಪುಸ್ತಕ ಮಾಡಿಸಲಿಲ್ಲ.

ದಂಗೆ ಅಡಗಿಸೋಕೆ ಜರ್ಮನ್, ಇಟಾಲಿಯನ್ ಬಾಡಿಗೆ ಸೈನಿಕರೂ ಬಂದರು. ಸಾವಿರಾರು ಜನ ಸತ್ತರು. ಎಕ್ಸೆಟರ್ ಹೊರವಲಯದ ಒಬ್ಬ ಪಾದ್ರಿಯನ್ನು ಅವರ ಚರ್ಚಿನ ಗೋಪುರಕ್ಕೇ ನೇಣು ಹಾಕಿದರು, ಪೂಜೆಯ ನಿಲುವಂಗಿ ಸಮೇತ.

ಇನ್ನೊಂದು ಕಡೆಯೂ ನೋಡಿ. ಅದೇ ಬೇಸಿಗೆಯಲ್ಲಿ ನಾರ್ಫಕ್‌ನಲ್ಲೂ ದೊಡ್ಡ ದಂಗೆ ಆಯಿತು, ಜಮೀನುದಾರರ ವಿರುದ್ಧ. ಆ ದಂಗೆಕೋರರು ತಮ್ಮ ಬೀಡಿನಲ್ಲಿ ಪ್ರಾರ್ಥನೆ ಮಾಡಿದ್ದು ಇದೇ ಹೊಸ ಪುಸ್ತಕದಿಂದ. ಜನ ಬೇಡ ಅಂದರು ಅಂತ ಒಂದೇ ಮಾತಿನಲ್ಲಿ ಹೇಳೋಕೆ ಬರಲ್ಲ.

ಹಡ್ಸನ್_ಸರ್ಕಲ್:
ನಾನು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವಳು, ಬೆಂಗಳೂರು. 1549ರ ಪುಸ್ತಕದ ಆಯುಸ್ಸು ಮೂರೇ ವರ್ಷ ಅನ್ನೋದನ್ನೂ ಸೇರಿಸಿ. 1552ರಲ್ಲಿ ಎರಡನೆಯದ್ದು ಬಂತು. ಅಲ್ಲಿಂದಲೇ ಜಗಳದ ಅಸಲಿ ವಿಷಯ ಶುರು.

ವಿಷಯ ಇಷ್ಟೇ. ಕರ್ತನ ಭೋಜನ ಅಥವಾ ಪ್ರಭುಭೋಜನ ಅಂದರೆ ಯೇಸುವಿನ ಕೊನೇ ಊಟದ ಹಾಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಆರಾಧನೆ. ಅಲ್ಲಿ ರೊಟ್ಟಿ ಕೈಗೆ ಕೊಡುವಾಗ ಸಭಾಪಾಲಕರು (ಪಾದ್ರಿ) ಏನು ಹೇಳಬೇಕು? 1549ರಲ್ಲಿ 'ನಿನಗಾಗಿ ಕೊಡಲ್ಪಟ್ಟ ಕರ್ತನ ದೇಹವು ನಿನ್ನ ದೇಹಾತ್ಮಗಳನ್ನು ಕಾಪಾಡಲಿ' ಅನ್ನೋ ಅರ್ಥದ ಮಾತು. ಇದನ್ನು ಕೇಳಿದ ಹಳೇ ನಂಬಿಕೆಯವನಿಗೆ ರೊಟ್ಟಿಯೇ ದೇಹ. 1552ರಲ್ಲಿ ಅದನ್ನು ತೆಗೆದು 'ಕ್ರಿಸ್ತನು ನಿನಗಾಗಿ ಸತ್ತನೆಂಬ ನೆನಪಿಗಾಗಿ ತೆಗೆದುಕೊಂಡು ತಿನ್ನು' ಅಂತ ಹಾಕಿದರು. ಈಗ ಅದು ನೆನಪಿನ ಊಟ. ಕಲ್ಲಿನ ಪೀಠದ ಜಾಗಕ್ಕೆ ಮರದ ಮೇಜು. ಬಿಲ್ಲೆ ಬೇಡ, ಮನೆಯಲ್ಲಿ ತಿನ್ನೋ ರೊಟ್ಟಿಯೇ ಸಾಕು. ಎರಡನೇ ಪುಸ್ತಕದ ಹಿಂದೆ ಸ್ಟ್ರಾಸ್‌ಬರ್ಗ್‌ನಿಂದ ಬಂದಿದ್ದ ಮಾರ್ಟಿನ್ ಬ್ಯೂಸರ್ ಬರೆದ ಟೀಕೆಯೂ ಇತ್ತು. ಅಚ್ಚಾಗುವ ಹೊತ್ತಿಗೆ ಜಾನ್ ನಾಕ್ಸ್ ಬೇರೆ ಎದ್ದು ನಿಂತರು: ಮೊಣಕಾಲೂರಿ ತಗೊಂಡರೆ ರೊಟ್ಟಿಯನ್ನೇ ಆರಾಧಿಸಿದ ಹಾಗಲ್ವಾ? ಕೊನೇ ಗಳಿಗೆಯಲ್ಲಿ 'ಮೊಣಕಾಲೂರುವುದು ಆರಾಧನೆ ಅಲ್ಲ' ಅಂತ ಒಂದು ವಿವರಣೆ ಸೇರಿಸಿದರು. ಕೆಲವು ಪ್ರತಿಗಳು ಆಗಲೇ ಅಚ್ಚಾಗಿಬಿಟ್ಟಿದ್ದವು.

ಮುಂದಿನ ವರ್ಷವೇ ಎಡ್ವರ್ಡ್ ಸತ್ತ. ಅಕ್ಕ ಮೇರಿ ಬಂದಳು, ಲ್ಯಾಟಿನ್ ವಾಪಸ್. 1556ರ ಮಾರ್ಚ್ 21ರಂದು ಕ್ರ್ಯಾನ್ಮರ್‌ರನ್ನು ಆಕ್ಸ್‌ಫರ್ಡ್‌ನಲ್ಲಿ ಸುಟ್ಟರು. ಅವರು ಹೆದರಿ ತಮ್ಮ ನಂಬಿಕೆ ಬಿಟ್ಟೆ ಅಂತ ಸಹಿ ಮಾಡಿದ್ದರು. ಕೊನೆಗೆ ಆ ಸಹಿ ಹಾಕಿದ ಬಲಗೈಯನ್ನೇ ಮೊದಲು ಬೆಂಕಿಗೆ ಹಿಡಿದರು.

1559ರಲ್ಲಿ ಎಲಿಜಬೆತ್ ಕಾಲದ ಪುಸ್ತಕ ಏನು ಮಾಡಿತು ಗೊತ್ತಾ? 1549ರ ವಾಕ್ಯ, 1552ರ ವಾಕ್ಯ, ಎರಡನ್ನೂ ಒಂದರ ಹಿಂದೆ ಒಂದು ಜೋಡಿಸಿಬಿಟ್ಟಿತು! ಮೊಣಕಾಲಿನ ವಿವರಣೆ ತೆಗೆದುಹಾಕಿತು. ದೇಹ ಅಂತ ನಂಬುವವನು ಮೊದಲರ್ಧ ಕೇಳಿಸಿಕೊಳ್ಳಲಿ, ನೆನಪು ಅಂತ ನಂಬುವವನು ಎರಡನೇ ಅರ್ಧ ಕೇಳಿಸಿಕೊಳ್ಳಲಿ. ನನ್ನ ಪ್ರಕಾರ ಆಂಗ್ಲಿಕನ್ ಅನ್ನೋದು ನಿಜವಾಗಿ ಹುಟ್ಟಿದ್ದು ಅಲ್ಲಿ. ಎಲ್ಲರೂ ಒಂದೇ ನಂಬಬೇಕು ಅಂತ ಅಲ್ಲ, ಎಲ್ಲರೂ ಒಂದೇ ಪುಸ್ತಕ ಹಿಡಿದು ಪ್ರಾರ್ಥಿಸಬೇಕು ಅಂತ.

ಗದಗಿನವ:
ಚೆನ್ನಾಗಿ ಹೇಳಿದಿರಿ ಮೇಡಂ, ಆದರೆ ಸಕ್ಕರೆ ಸ್ವಲ್ಪ ಜಾಸ್ತಿ ಆಯಿತು. ಅದೇ 1559ರ ಕಾಯ್ದೆಯಲ್ಲಿ ಭಾನುವಾರ ಚರ್ಚಿಗೆ ಬರದವನಿಗೆ 12 ಪೆನ್ಸ್ ದಂಡ ಇತ್ತು. ಕೂಲಿ ಮಾಡುವವನಿಗೆ ಅದು ಸಣ್ಣ ಮೊತ್ತ ಅಲ್ಲ. ಇದನ್ನು ಔದಾರ್ಯ ಅನ್ನೋದಕ್ಕಿಂತ ಆಡಳಿತ ಅನ್ನೋದೇ ಸರಿ. ರಾಣಿಗೆ ಒಳಗಿನ ನಂಬಿಕೆ ಬೇಕಿರಲಿಲ್ಲ, ಹೊರಗಿನ ಹಾಜರಿ ಬೇಕಿತ್ತು.

ಹಡ್ಸನ್_ಸರ್ಕಲ್:
ಹೌದು, ದಂಡ ಇತ್ತು. ಆದರೆ ಆ ಕಾಲದ ಯುರೋಪಿನಲ್ಲಿ ಒಳಗಿನ ನಂಬಿಕೆ ಕೆದಕಿ ಕೆದಕಿ ಸುಡುತ್ತಿದ್ದವರ ಪಕ್ಕದಲ್ಲಿ ಹೊರಗಿನ ಹಾಜರಿ ಸಾಕು ಅನ್ನೋದು ಚಿಕ್ಕ ವಿಷಯ ಅಲ್ಲ.

ಎಡಿನ್‌ಬರೊದಿಂದ:
ಪುಸ್ತಕ ಹೇರಿದ್ದರ ಬಿಸಿ ನೋಡಬೇಕಾದರೆ ನಮ್ಮೂರಿಗೆ ಬನ್ನಿ. ಮೊದಲನೇ ಚಾರ್ಲ್ಸ್ ಮತ್ತು ಆರ್ಚ್‌ಬಿಷಪ್ ಲಾಡ್ ಸ್ಕಾಟ್ಲೆಂಡಿಗೂ ಒಂದು ಪ್ರಾರ್ಥನಾ ಪುಸ್ತಕ ತಂದರು. 1637ರ ಜುಲೈ 23ರಂದು ಸೇಂಟ್ ಜೈಲ್ಸ್ ಚರ್ಚಿನಲ್ಲಿ ಡೀನ್ (ಅಲ್ಲಿನ ಹಿರಿಯ ಪಾದ್ರಿ) ಅದನ್ನು ತೆರೆದು ಓದೋಕೆ ಶುರು ಮಾಡಿದ್ದೇ ತಡ, ಗಲಾಟೆ. ಜೆನ್ನಿ ಗೆಡ್ಡಿಸ್ ಅನ್ನೋ ಮಾರುಕಟ್ಟೆಯ ಹೆಂಗಸು ಕೂತಿದ್ದ ಸ್ಟೂಲನ್ನೇ ಎಸೆದಳು ಅಂತ ಕಥೆ. ಅವಳು ನಿಜವಾಗಿ ಇದ್ದಳೋ ಇಲ್ಲವೋ, ಸ್ಟೂಲು ಹಾರಿದ್ದಂತೂ ನಿಜ. ಮುಂದಿನ ವರ್ಷ, ಇಂಥ ಬದಲಾವಣೆ ಒಪ್ಪಲ್ಲ ಅನ್ನೋ ಸ್ಕಾಟರ ರಾಷ್ಟ್ರೀಯ ಒಡಂಬಡಿಕೆಗೆ ಸಹಿ ಬಿತ್ತು, ಆಮೇಲೆ ಯುದ್ಧ, ಅದರ ಖರ್ಚಿಗೆ ರಾಜ ಪಾರ್ಲಿಮೆಂಟ್ ಕರೆಯಬೇಕಾಯಿತು, ಅಲ್ಲಿಂದ ಇಂಗ್ಲೆಂಡಿನ ಅಂತರ್ಯುದ್ಧ. 1645ರಲ್ಲಿ ಇಂಗ್ಲೆಂಡಿನಲ್ಲೇ ಪ್ರಾರ್ಥನಾ ಪುಸ್ತಕ ನಿಷೇಧ. ಅದರ ಬದಲು ಬಂದದ್ದು ಒಂದು ಮಾರ್ಗಸೂಚಿ, ಪ್ರಾರ್ಥನೆಯ ಮಾತುಗಳನ್ನು ಪಾದ್ರಿಯೇ ಕಟ್ಟಬೇಕು. ಎರಡು ವರ್ಷ ಆದ ಮೇಲೆ ಕ್ರಿಸ್‌ಮಸ್ ಹಬ್ಬವನ್ನೂ ರದ್ದು ಮಾಡಿದರು.

ಸೋತ ಆ ಸ್ಕಾಟಿಷ್ ಪುಸ್ತಕದ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅಮೆರಿಕ ಸ್ವತಂತ್ರ ಆದ ಮೇಲೆ ಅಲ್ಲಿನ ಆಂಗ್ಲಿಕನ್ನರಿಗೆ ಬಿಷಪ್ ಬೇಕಿತ್ತು. ಇಂಗ್ಲೆಂಡಿನಲ್ಲಿ ಅಭಿಷೇಕ ಆಗಬೇಕಾದರೆ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಬೇಕು, ಅದು ಆಗದ ಮಾತು. ಸ್ಯಾಮ್ಯುಯೆಲ್ ಸೀಬರಿ 1784ರಲ್ಲಿ ಅಬರ್ಡೀನಿಗೆ ಬಂದು ಸ್ಕಾಟಿಷ್ ಬಿಷಪ್‌ಗಳ ಕೈಯಿಂದ ಅಭಿಷೇಕ ಪಡೆದರು. ಬದಲಿಗೆ ನಮ್ಮ ಕ್ರಮದ ಪ್ರಭುಭೋಜನದ ಪ್ರಾರ್ಥನೆ ಅಮೆರಿಕಕ್ಕೆ ಒಯ್ಯಲು ಪ್ರಯತ್ನಿಸ್ತೀನಿ ಅಂತ ಒಪ್ಪಿಕೊಂಡರು. 1789ರ ಅಮೆರಿಕನ್ ಪುಸ್ತಕದಲ್ಲಿ ಅದು ಸೇರಿತು.

ಲೀಡ್ಸ್_ಕನ್ನಡಿಗ:
ಅಬ್ಬಾ. ಹಾಗಾದರೆ 1662 ಅಂದರೆ ಅಂತರ್ಯುದ್ಧ ಮುಗಿದು ರಾಜ ವಾಪಸ್ ಬಂದ ಮೇಲಿನದ್ದು, ಸರಿನಾ? ಅದೇ ಯಾಕೆ ಮುನ್ನೂರು ವರ್ಷ ನಿಂತಿತು?

ಹಳೇಪುಸ್ತಕ:
ಸರಿ. 1660ರಲ್ಲಿ ಎರಡನೇ ಚಾರ್ಲ್ಸ್ ಬಂದ. 1661ರಲ್ಲಿ ಲಂಡನ್ನಿನ ಸವಾಯ್‌ನಲ್ಲಿ ಬಿಷಪ್‌ಗಳನ್ನೂ ಪ್ಯೂರಿಟನ್ನರನ್ನೂ (ಹಳೇ ಕ್ಯಾಥೊಲಿಕ್ ಆಚರಣೆ ಏನೂ ಉಳಿಯಬಾರದು ಅನ್ನೋ ಪ್ರೊಟೆಸ್ಟೆಂಟರು) ಎದುರುಬದುರು ಕೂರಿಸಿದರು. ಪ್ಯೂರಿಟನ್ನರ ದೂರುಗಳು ಹಳೆಯವೇ: ದೀಕ್ಷಾಸ್ನಾನದಲ್ಲಿ ಶಿಲುಬೆ ಗುರುತು ಬೇಡ, ಮದುವೆಯಲ್ಲಿ ಉಂಗುರ ಬೇಡ, ಪಾದ್ರಿಗೆ ಬಿಳಿ ನಿಲುವಂಗಿ ಬೇಡ. ರಿಚರ್ಡ್ ಬ್ಯಾಕ್ಸ್‌ಟರ್ ಅನ್ನುವವರು ಎರಡು ವಾರದಲ್ಲಿ ಬದಲಿ ಕ್ರಮವೊಂದನ್ನೇ ಬರೆದು ತಂದರು. ಬಿಷಪ್‌ಗಳು ಜಗ್ಗಲಿಲ್ಲ. ಹೊಸ ಪುಸ್ತಕಕ್ಕೆ ಪೂರ್ತಿ ಒಪ್ಪಿಗೆ ಕೊಡಲು 1662ರ ಆಗಸ್ಟ್ 24 ಗಡುವು. ಒಪ್ಪದೆ ಹುದ್ದೆ ಕಳೆದುಕೊಂಡವರು, ಹಿಂದಿನ ಎರಡು ವರ್ಷದವರೂ ಸೇರಿ, ಸುಮಾರು 2,000 ಮಂದಿ. ಇಂಗ್ಲೆಂಡಿನಲ್ಲಿ 'ಚರ್ಚ್' ಬೇರೆ 'ಚಾಪೆಲ್' (ಹೊರಬಿದ್ದವರ ಆರಾಧನಾ ಮನೆ) ಬೇರೆ ಆಗಿದ್ದು ಗಟ್ಟಿಯಾಗಿದ್ದು ಆಗಲೇ.

ಯಾಕೆ ನಿಂತಿತು ಅಂದರೆ, ಒಂದು ಕಾರಣ ಭಯ. ಮುಟ್ಟಿದರೆ ಮತ್ತೆ ಯುದ್ಧ ಅಂತ ಯಾರೂ ಮುಟ್ಟಲಿಲ್ಲ. ಇನ್ನೊಂದು, ಕಿವಿ. ಪುಸ್ತಕದ ಸುವಾರ್ತಾ ಪಾಠಗಳನ್ನು 1611ರ ಬೈಬಲಿಗೆ ಬದಲಿಸಿದರು, ಆದರೆ ಕೀರ್ತನೆಗಳನ್ನು ಮಾತ್ರ ಹಳೇ ಕವರ್‌ಡೇಲ್ ಅನುವಾದದಲ್ಲೇ ಬಿಟ್ಟರು. ಹಾಡುವವರ ಬಾಯಿಗೆ ಅದು ಕೂತುಬಿಟ್ಟಿತ್ತು.

1662ರ ಹೊಸ ಸೇರ್ಪಡೆಗಳಲ್ಲಿ ಸಾಮ್ರಾಜ್ಯದ ವಾಸನೆಯೂ ಇದೆ. ಸಮುದ್ರಯಾನದ ಪ್ರಾರ್ಥನೆಗಳು ಬಂದವು, ನೌಕಾಯುದ್ಧಕ್ಕೂ ಸೇರಿ. ದೊಡ್ಡವರಿಗೆ ದೀಕ್ಷಾಸ್ನಾನ ಕೊಡುವ ಕ್ರಮ ಬಂತು, ಅದು ವಸಾಹತುಗಳಲ್ಲಿನ ಸ್ಥಳೀಯರಿಗೂ ಉಪಯೋಗಕ್ಕೆ ಬರುತ್ತೆ ಅಂತ ಮುನ್ನುಡಿಯಲ್ಲೇ ಬರೆದಿದ್ದಾರೆ. ಈಸ್ಟ್ ಇಂಡಿಯಾ ಕಂಪನಿಯ ಪಾದ್ರಿಗಳು ಮದ್ರಾಸಿಗೆ ತಂದದ್ದು ಈ ಪುಸ್ತಕವನ್ನೇ. ಬೆಂಗಳೂರಿನ ಸೇಂಟ್ ಮಾರ್ಕ್ಸ್ ದಂಡಿನವರಿಗೆ ಅಂತ ಕಟ್ಟಿದ ಚರ್ಚು. ಅಲ್ಲಿ ಓದುತ್ತಿದ್ದದ್ದೂ ಅದೇ.

ಆರ್ಗನ್_ಬೆಂಚು:
ಸಂಗೀತದ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲ. ಪುಸ್ತಕ ಬದಲಾಗದೆ ಇದ್ದ ಆ 18ನೇ ಶತಮಾನದಲ್ಲೂ ಆರಾಧನೆ ಬದಲಾಗುತ್ತಲೇ ಇತ್ತು.

ಇವತ್ತು ಆಂಗ್ಲಿಕನ್ ಅಂದರೆ ಆರ್ಗನ್, ನಿಲುವಂಗಿ ಹಾಕಿದ ಗಾಯಕರು, ಸ್ತುತಿಗೀತೆ ಅಂತ ಅನ್ಕೊಳ್ತೀವಿ. ಕ್ಯಾಥೀಡ್ರಲ್‌ಗಳಲ್ಲಿ ಸರಿ, ಹಳ್ಳಿ ಚರ್ಚುಗಳಲ್ಲಿ ಹಾಗಿರಲಿಲ್ಲ. ಅಲ್ಲಿ ಹಾಡುತ್ತಿದ್ದದ್ದು ಪ್ರಾಸ ಹಾಕಿದ ಕೀರ್ತನೆಗಳು, ಮೊದಲು 1562ರ ಸ್ಟರ್ನ್‌ಹೋಲ್ಡ್ ಮತ್ತು ಹಾಪ್ಕಿನ್ಸ್ ಅವರದ್ದು, ಆಮೇಲೆ 1696ರ ಟೇಟ್ ಮತ್ತು ಬ್ರೇಡಿ ಅವರದ್ದು. ಹಿಂದುಗಡೆ ಅಟ್ಟದ ಮೇಲೆ ಊರವರದ್ದೇ ವಾದ್ಯಮೇಳ: ಪಿಟೀಲು, ಕ್ಲಾರಿನೆಟ್, ಬಸೂನ್. ಶನಿವಾರ ರಾತ್ರಿ ಕುಣಿತಕ್ಕೆ ನುಡಿಸಿದವರೇ ಭಾನುವಾರ ಬೆಳಿಗ್ಗೆ ಚರ್ಚಿನಲ್ಲಿ. ಬಿಡಿ ಬಿಡಿ ಸ್ತುತಿಗೀತೆಗಳನ್ನು ಜೋರಾಗಿ ಹಾಡಿದವರು ಮೆಥಡಿಸ್ಟರು (ಜಾನ್ ವೆಸ್ಲಿ ಶುರು ಮಾಡಿದ ಪಂಥದವರು), ಆಂಗ್ಲಿಕನ್ನರಿಗೆ ಅದು ತಡವಾಗಿ ಒಗ್ಗಿತು. 1861ರಲ್ಲಿ 'ಹಿಮ್ಸ್ ಏನ್ಷಿಯಂಟ್ ಅಂಡ್ ಮಾಡರ್ನ್' ಬಂದ ಮೇಲೆ ಬಾಗಿಲು ತೆರೆಯಿತು. ಅದೇ ಹೊತ್ತಿಗೆ ವಾದ್ಯಮೇಳಗಳನ್ನು ಇಳಿಸಿ ಆರ್ಗನ್ ಕೂರಿಸಿದರು, ಗಾಯಕರನ್ನು ಅಟ್ಟದಿಂದ ಇಳಿಸಿ ಮುಂದುಗಡೆ ಎರಡು ಸಾಲಾಗಿ ನಿಲ್ಲಿಸಿದರು. ಆದ್ದರಿಂದ 10 ಗಂಟೆಯ ಗಿಟಾರು ನೋಡಿ ಸಂಪ್ರದಾಯ ಹಾಳಾಯಿತು ಅನ್ನುವವರನ್ನು ಕಂಡರೆ ನನಗೆ ನಗು. ಆರ್ಗನ್ ಬಂದಾಗಲೂ ಹಾಗೇ ಅಂದಿದ್ದರು. (ನಾನು ಆರ್ಗನ್ ನುಡಿಸಿಯೇ ಹೊಟ್ಟೆ ಹೊರೆಯುವವನು, ಆದರೂ ಹೇಳ್ತೀನಿ.)

ಗದಗಿನವ:
ಗಿಟಾರಿನ ವಿಷಯ ಬಿಡಿ. ಪಾದ್ರಿಗಳು ಜೈಲಿಗೆ ಹೋದ ವಿಷಯ ಇನ್ನೂ ಯಾರೂ ಹೇಳಿಲ್ಲ.

ಹಳೇಪುಸ್ತಕ:
ಅದಕ್ಕೇ ಬರ್ತಾ ಇದ್ದೆ. 1833ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಜಾನ್ ಕೀಬಲ್, ನ್ಯೂಮನ್, ಪ್ಯೂಸಿ ಇವರೆಲ್ಲ ಸೇರಿ ಒಂದು ಚಳವಳಿ ಶುರು ಮಾಡಿದರು. ನಮ್ಮ ಚರ್ಚು ಸರ್ಕಾರದ ಇಲಾಖೆ ಅಲ್ಲ, ಅಪೊಸ್ತಲರ ಕಾಲದಿಂದ ಬಂದದ್ದು ಅನ್ನೋದು ಅವರ ವಾದ. ಇವರಿಗೆ ಮೇಣದಬತ್ತಿ, ಧೂಪದ ಚಿಂತೆ ಅಷ್ಟಿರಲಿಲ್ಲ. ಅದು ಬಂದದ್ದು ಮುಂದಿನ ತಲೆಮಾರಿನಲ್ಲಿ, ಲಂಡನ್ನಿನ ಬಡ ಬಡಾವಣೆಗಳಿಗೆ ಹೋದ ಪಾದ್ರಿಗಳಿಂದ. ಬಣ್ಣದ ನಿಲುವಂಗಿ, ಪೀಠದ ಮೇಲೆ ದೀಪ, ಧೂಪ, ದ್ರಾಕ್ಷಾರಸಕ್ಕೆ ನೀರು ಬೆರೆಸುವುದು, ಪೂರ್ವಕ್ಕೆ ಮುಖ ಮಾಡಿ ನಿಲ್ಲುವುದು. ಪ್ರೊಟೆಸ್ಟೆಂಟರಿಗೆ ಇದು ಹಿಂಬಾಗಿಲಿನ ಪೋಪಗಿರಿ ಅನ್ನಿಸಿತು. 1845ರಲ್ಲಿ ಎಕ್ಸೆಟರ್‌ನಲ್ಲಿ ಪಾದ್ರಿ ಬಿಳಿ ನಿಲುವಂಗಿಯಲ್ಲೇ ಪ್ರಸಂಗ ಮಾಡಿದರು ಅಂತ ಬೀದಿ ಗಲಾಟೆ ಆಗಿತ್ತು. ಮುನ್ನೂರು ವರ್ಷದ ಹಿಂದೆ ಹಳೇ ನಿಲುವಂಗಿ ಬೇಕು ಅಂತ ದಂಗೆ ಎದ್ದದ್ದೂ ಅದೇ ಸೀಮೆ!

1874ರಲ್ಲಿ, ಡಿಸ್ರೇಲಿ ಸರ್ಕಾರದ ಕಾಲದಲ್ಲಿ, ಇಂಥ ಆಚರಣೆ ತಡೆಯೋಕೆ ಒಂದು ಕಾಯ್ದೆ ಬಂತು. ಐವರು ಪಾದ್ರಿಗಳು ಜೈಲಿಗೆ ಹೋದರು. ಸಿಡ್ನಿ ಫೇಥಾರ್ನ್ ಗ್ರೀನ್ ಅನ್ನುವವರು ಲ್ಯಾಂಕಾಸ್ಟರ್ ಕೋಟೆಯ ಜೈಲಿನಲ್ಲಿ ಒಂದೂವರೆ ವರ್ಷಕ್ಕೂ ಮೇಲೆ ಇದ್ದರು. ಮೇಣದಬತ್ತಿಗಾಗಿ ಜೈಲು ಅಂತ ಜನಕ್ಕೇ ಮುಜುಗರ ಆಯಿತು. ಕಾಯ್ದೆ ಹೆಸರಿಗೆ ಮಾತ್ರ ಉಳಿಯಿತು.

ಕೊನೆಗೆ ಚರ್ಚೇ ಪುಸ್ತಕ ಪರಿಷ್ಕರಿಸಿತು. ಎಲ್ಲ ಬಣಗಳಿಗೂ ಸ್ವಲ್ಪ ಸ್ವಲ್ಪ ಜಾಗ. ಒಪ್ಪಿಗೆಗೆ ಪಾರ್ಲಿಮೆಂಟಿಗೆ ಹೋಯಿತು. ಲಾರ್ಡ್ಸ್ ಸಭೆ ಪಾಸು ಮಾಡಿತು. 1927ರ ಡಿಸೆಂಬರಿನಲ್ಲಿ ಕಾಮನ್ಸ್ ಸಭೆ 238–205ರಲ್ಲಿ ಬಿಸಾಡಿತು. ತಿದ್ದಿ ತಂದರು, 1928ರ ಜೂನ್‌ನಲ್ಲಿ 266–220ರಲ್ಲಿ ಮತ್ತೆ ಬಿಸಾಡಿತು. ವಿರೋಧಕ್ಕೆ ಮುಂದೆ ನಿಂತವರು ಗೃಹಮಂತ್ರಿ ಜಾಯ್ನ್‌ಸನ್-ಹಿಕ್ಸ್. ಮತ ಹಾಕುವ ಹಕ್ಕು ಎಲ್ಲ ಸದಸ್ಯರಿಗೂ ಇತ್ತು: ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ನರು (ಬಿಷಪ್ ಇಲ್ಲದ ಚರ್ಚಿನವರು), ಮೆಥಡಿಸ್ಟರು, ಯೆಹೂದ್ಯರು. ಬಾಂಬೆಯ ಪಾರ್ಸಿ, ಕಮ್ಯುನಿಸ್ಟ್ ಶಾಪುರ್ಜಿ ಸಕ್ಲಾತ್‌ವಾಲಾ ಕೂಡ ಆಗ ಆ ಸಭೆಯ ಸದಸ್ಯರೇ. ಇಂಗ್ಲಿಷ್ ಚರ್ಚು ಹೇಗೆ ಪ್ರಾರ್ಥಿಸಬೇಕು ಅಂತ ಇವರೆಲ್ಲ ತೀರ್ಮಾನಿಸೋದು! ಬಿಷಪ್‌ಗಳು ಸುಮ್ನೆ ಪುಸ್ತಕ ಅಚ್ಚು ಹಾಕಿಸಿ, ಬಳಸಿದವರ ಮೇಲೆ ಕ್ರಮ ತಗೊಳ್ಳಲ್ಲ ಅಂದುಬಿಟ್ಟರು.

ಲೀಡ್ಸ್_ಕನ್ನಡಿಗ:
ಇದು ನನಗೆ ಹೊಸದು. ಸರಿ, ಆ ಕೈ ಕೊಡೋದು ಎಲ್ಲಿಂದ ಬಂತು? 8 ಗಂಟೆಗೆ ಯಾರೂ ಪಕ್ಕದವರನ್ನು ತಿರುಗಿಯೂ ನೋಡಲಿಲ್ಲ.

ಹಡ್ಸನ್_ಸರ್ಕಲ್:
ನಾನು ಕಾಯ್ತಾ ಇದ್ದ ಪ್ರಶ್ನೆ ಇದು. ಅದರಲ್ಲಿ ನಮ್ಮ ಕಡೆಯ ಪಾಲು ದೊಡ್ಡದು.

ಹೀಗೆ ಒಬ್ಬರಿಗೊಬ್ಬರು ಸಮಾಧಾನ, ಅಂದರೆ ಶಾಂತಿ, ಹೇಳುವುದು ಆದಿಸಭೆಯಿಂದ ಇದ್ದ ಪದ್ಧತಿ. ಇಂಗ್ಲೆಂಡಿನಲ್ಲಿ 1552ರ ಪುಸ್ತಕ ಅದನ್ನು ಕೈಬಿಟ್ಟಿತು. ಕೇರಳದ ಸುರಿಯಾನಿ ಕ್ರೈಸ್ತರಲ್ಲಿ ಅದು ನಿಲ್ಲದೆ ನಡೆದುಕೊಂಡು ಬಂದಿತ್ತು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕ್ಯಾಥೀಡ್ರಲ್‌ನಲ್ಲಿ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐ, ಹುಟ್ಟಿತು. ಆಂಗ್ಲಿಕನ್ನರು, ಮೆಥಡಿಸ್ಟರು, ಕಾಂಗ್ರಿಗೇಷನಲ್ ಮತ್ತು ಪ್ರೆಸ್ಬಿಟೇರಿಯನ್ ಹಿನ್ನೆಲೆಯವರು ಒಂದೇ ಸಭೆಯಾದರು. ಬಿಷಪ್ ಇರುವ ಚರ್ಚು ಬಿಷಪ್ ಇಲ್ಲದವರ ಜೊತೆ ಹೀಗೆ ಪೂರ್ತಿ ಬೆರೆತಿದ್ದು ಅಲ್ಲಿಯವರೆಗೆ ಎಲ್ಲೂ ಇರಲಿಲ್ಲ.

ಈಗ ಎಲ್ಲರೂ ಒಟ್ಟಿಗೆ ಕೂತಾಗ ಯಾರ ಪುಸ್ತಕ ಓದೋದು? ಯಾವ ಸಭೆಯೂ ತನ್ನ ಹಳೇ ಕ್ರಮ ಬಿಡಬೇಕಾಗಿಲ್ಲ ಅಂತ ಮೊದಲೇ ಬರೆದುಕೊಂಡಿದ್ದರು. 1559ರ ದಂಡದ ನೆನಪು ಗದಗಿನವರಿಗೆ ಇದೆಯಲ್ಲ, ಇಲ್ಲಿ ಅದಕ್ಕೆ ಪೂರ್ತಿ ಉಲ್ಟಾ. ಆದರೂ ಒಟ್ಟಿಗೆ ಸೇರಿದಾಗ ಬಳಸಲು ಒಂದು ಕ್ರಮ ಬೇಕಿತ್ತು. ಕೇರಳದಲ್ಲಿ ಕೆಲಸ ಮಾಡುತ್ತಿದ್ದ ಲೆಸ್ಲಿ ಬ್ರೌನ್ ಸಮಿತಿಯ ಸಂಚಾಲಕರು. 1950ರಲ್ಲಿ ಮದುರೈನಲ್ಲಿ ಸೇರಿದ ಚರ್ಚಿನ ಆಡಳಿತ ಮಹಾಸಭೆ, ಅಂದರೆ ಸಿನೊಡ್‌ನಲ್ಲಿ ಹೊಸ ಕರ್ತನ ಭೋಜನದ ಕ್ರಮ ಮೊದಲ ಸಲ ನಡೆಯಿತು. ಸಭಾಪಾಲಕರು ಮೇಜಿನ ಹಿಂದೆ ನಿಂತು ಜನರ ಕಡೆ ಮುಖ. ಸಮಾಧಾನ ಮೇಜಿನಿಂದ ಹೊರಟು ಕೈಯಿಂದ ಕೈಗೆ ಸಭೆಯ ಕೊನೇ ಸಾಲಿನವರೆಗೆ. ಪ್ರಾರ್ಥನೆಯ ನಡುವೆ ಸಭೆಯವರೇ ಗಟ್ಟಿಯಾಗಿ, ನಿನ್ನ ಮರಣವನ್ನು ನೆನೆಯುತ್ತೇವೆ, ಪುನರುತ್ಥಾನವನ್ನು ಒಪ್ಪಿಕೊಳ್ಳುತ್ತೇವೆ, ಎರಡನೇ ಬರೋಣಕ್ಕಾಗಿ ಕಾಯುತ್ತೇವೆ ಅನ್ನುತ್ತಾರೆ. ಇದೂ ಸುರಿಯಾನಿಯಂಥ ಪೂರ್ವದ ಸಭೆಗಳಿಂದ ತಂದದ್ದು.

ಇಂಗ್ಲೆಂಡಿನ ಹೊಸ ಕ್ರಮಗಳಲ್ಲಿ ಇವೆಲ್ಲ ಬಂದದ್ದು ಅದಾದ ಮೇಲೆ, 60, 70ರ ದಶಕಗಳಲ್ಲಿ. ಕ್ಯಾಥೊಲಿಕರ ಎರಡನೇ ವ್ಯಾಟಿಕನ್ ಮಹಾಸಭೆಯ ಪ್ರಭಾವವೂ ಇದೆ, ಅದು ಶುರುವಾದದ್ದೇ 1962ರಲ್ಲಿ. ಸಿಎಸ್‌ಐ ಕ್ರಮ ಅದಕ್ಕಿಂತ ಹನ್ನೆರಡು ವರ್ಷ ಹಿರಿಯದು. ತಮಾಷೆ ಅಂದರೆ, ನಮ್ಮ ಕ್ರಮವನ್ನು ಹೊಗಳಿ ಎರವಲು ಪಡೆದ ಆಂಗ್ಲಿಕನ್ನರೇ ಬಹಳ ವರ್ಷ ನಮ್ಮನ್ನು ಪೂರ್ತಿ ತಮ್ಮವರು ಅಂತ ಒಪ್ಪಲಿಲ್ಲ, ಬಿಷಪ್ ಕೈಯಿಂದ ಅಭಿಷೇಕ ಆಗದ ಪಾದ್ರಿಗಳು ನಮ್ಮಲ್ಲಿದ್ದಾರೆ ಅಂತ.

ಗದಗಿನವ:
ಕರ್ನಾಟಕದ ಸಭೆಗಳಲ್ಲಿ ಆಂಗ್ಲಿಕನ್ ಮೂಲದವರು ಕಡಿಮೆ ಅಲ್ವಾ? ನಮ್ಮ ಕಡೆ ಬಾಸೆಲ್ ಮಿಷನ್, ಬಳ್ಳಾರಿಯಲ್ಲಿ ಲಂಡನ್ ಮಿಷನ್, ಮೈಸೂರು ಕಡೆ ವೆಸ್ಲಿಯನ್. ಈ ಪುಸ್ತಕದ ಜಗಳ ನಮ್ಮದು ಹೇಗಾಗುತ್ತೆ?

ಹಡ್ಸನ್_ಸರ್ಕಲ್:
ವೆಸ್ಲಿಯನ್‌ಗೂ ಬೇರು ಅದೇ. ಜಾನ್ ವೆಸ್ಲಿ ಸಾಯೋವರೆಗೂ ಆಂಗ್ಲಿಕನ್ ಪಾದ್ರಿ. 1784ರಲ್ಲಿ ಅಮೆರಿಕದ ಮೆಥಡಿಸ್ಟರಿಗೆ ಅವರು ಕಳಿಸಿದ ಆರಾಧನಾ ಪುಸ್ತಕ 1662ರದ್ದನ್ನೇ ಚಿಕ್ಕದು ಮಾಡಿದ್ದು. ಬಾಸೆಲ್ ಮಿಷನ್‌ನವರದ್ದು ಜರ್ಮನ್, ಸ್ವಿಸ್ ದಾರಿ, ಅದು ಬೇರೆ. ಅದಕ್ಕೇ ಇವತ್ತಿಗೂ ಮಂಗಳೂರಿನ ಸಭೆಗೂ ಬೆಂಗಳೂರಿನ ಸಭೆಗೂ ಹಾಡಿನಲ್ಲಿ, ನಡೆಸುವ ರೀತಿಯಲ್ಲಿ ವ್ಯತ್ಯಾಸ ಕಾಣುತ್ತೆ.

ಹಳೇಪುಸ್ತಕ:
ಇಂಗ್ಲೆಂಡಿನ ಉಳಿದ ಕಥೆ ಬೇಗ ಮುಗಿಸ್ತೀನಿ. 1965ರಿಂದ ಪ್ರಯೋಗದ ಕ್ರಮಗಳಿಗೆ ದಾರಿ ಆಯಿತು. ಒಂದನೇ ಸರಣಿ, ಎರಡನೇ ಸರಣಿ, ಮೂರನೇ ಸರಣಿ ಅಂತ ತೆಳು ಪುಸ್ತಿಕೆಗಳು ಬಂದವು. ಮೂರನೆಯದರಲ್ಲಿ ದೇವರಿಗೆ ಹಳೇ 'ದೌ' ಹೋಗಿ 'ಯೂ' ಬಂತು, ಗಲಾಟೆಯೂ ಬಂತು. 1974ರಲ್ಲಿ ಹೊಸ ಕ್ರಮಗಳ ಅಧಿಕಾರ ಪಾರ್ಲಿಮೆಂಟಿನಿಂದ ಚರ್ಚಿನ ಸಿನೊಡ್‌ಗೆ ಬಂತು, 1662 ಉಳಿಯಬೇಕು ಅನ್ನೋ ಷರತ್ತಿನ ಮೇಲೆ. 1980ರಲ್ಲಿ ಸಾವಿರ ಪುಟ ಮೀರಿದ ದಪ್ಪ ಬದಲಿ ಪುಸ್ತಕ ಬಂತು. ಅದಕ್ಕೆ 2000ದ ಡಿಸೆಂಬರ್ 31ರ ಗಡುವು ಇತ್ತು. ಅದರ ಜಾಗಕ್ಕೆ ಕಾಮನ್ ವರ್ಷಿಪ್, ಒಂದಲ್ಲ, ಸಂಪುಟಗಳ ಸಾಲು. ಪ್ರಭುಭೋಜನದ ಮುಖ್ಯ ಪ್ರಾರ್ಥನೆಗೇ ಎಂಟು ಆಯ್ಕೆ. ದೇಶಕ್ಕೆಲ್ಲ ಒಂದೇ ಪದ್ಧತಿ ಅಂತ ಹೊರಟ ಕ್ರ್ಯಾನ್ಮರ್ ಇದನ್ನು ನೋಡಿದರೆ ಏನನ್ನುತ್ತಿದ್ದರೋ. ನನಗೆ ಇದು ನಷ್ಟ ಅಂತಲೇ ಅನ್ನಿಸುತ್ತೆ. ಈ ಊರಿನ ಸಾಲು ಆ ಊರಿನವನ ಬಾಯಿಗೆ ಬರಲ್ಲ.

ಆರ್ಗನ್_ಬೆಂಚು:
ಬಾಯಿಗೆ ಬರಲ್ಲ ಅನ್ನೋದು ನಿಜ, ಆದರೆ ಬೇರೆ ಬಾಯಿಗಳಿಗೆ ಜಾಗ ಆಯಿತಲ್ಲ. ಕೀನ್ಯಾದ ಆಂಗ್ಲಿಕನ್ನರ 1989ರ ಕ್ರಮ ನೋಡಿ. ಕೊನೆಯಲ್ಲಿ, ನಮ್ಮ ಕಷ್ಟಗಳನ್ನೆಲ್ಲ ಕ್ರಿಸ್ತನ ಶಿಲುಬೆಗೆ ಕಳಿಸುತ್ತೇವೆ ಅಂತ ಹೇಳುತ್ತಾ ಇಡೀ ಸಭೆ ಶಿಲುಬೆ ಕಡೆ ಕೈ ಬೀಸುತ್ತೆ. ನ್ಯೂಜಿಲೆಂಡಿನ ಅದೇ ವರ್ಷದ ಪುಸ್ತಕದಲ್ಲಿ ಇಂಗ್ಲಿಷ್ ಜೊತೆಗೆ ಮಾವೊರಿ ಭಾಷೆ ಇದೆ. 1549ರಲ್ಲಿ ಕಾರ್ನ್‌ವಾಲ್‌ನವರಿಗೆ ಇಷ್ಟಾದರೂ ಸಿಕ್ಕಿದ್ದರೆ?

ಎಡಿನ್‌ಬರೊದಿಂದ:
ಹಳೇದು ಸುಮ್ನೆ ಶೋಕೇಸಿನಲ್ಲಿಲ್ಲ ಅನ್ನೋದಕ್ಕೆ ಒಂದು ವಿಷಯ. 2020ರಲ್ಲಿ ಕೊರೊನಾ ಬಂದಾಗ ಇಂಗ್ಲೆಂಡಿನಲ್ಲಿ ಒಂದೇ ಬಟ್ಟಲಿನಿಂದ ಎಲ್ಲರೂ ಕುಡಿಯೋದು ನಿಲ್ಲಿಸಬೇಕಾಯಿತು. ಬರೀ ರೊಟ್ಟಿ ಕೊಟ್ಟರೆ ಕಾನೂನಿಗೆ ವಿರುದ್ಧ ಅಲ್ವಾ? 1547ರ ಕಾಯ್ದೆ ತೆಗೆದರು. ರೊಟ್ಟಿ, ರಸ ಎರಡೂ ಜನರಿಗೆ ಕೊಡಲೇಬೇಕು, ಅನಿವಾರ್ಯ ಇದ್ದಾಗ ಬಿಟ್ಟು, ಅಂತ ಅದರಲ್ಲಿದೆ. ಆರನೇ ಎಡ್ವರ್ಡ್ ಕಾಲದ ಆ ಒಂದು ವಿನಾಯಿತಿ ಕೊರೊನಾಗೆ ಉಪಯೋಗ ಆಯಿತು. ಪುಟ್ಟ ಪುಟ್ಟ ಲೋಟ ಕೊಡಬಹುದಾ ಅಂತ ಕೇಳಿದವರಿಗೆ ಚರ್ಚಿನ ಕಾನೂನು ಕಚೇರಿ ಇಲ್ಲ ಅಂದಿತು. ಕೆಲವು ವಕೀಲರು ಅದನ್ನು ಒಪ್ಪಲಿಲ್ಲ.

ಹಡ್ಸನ್_ಸರ್ಕಲ್:
ಪುಟ್ಟ ಲೋಟಕ್ಕೆ ಇಷ್ಟು ವಾದವಾ! ನಮ್ಮ ಎಷ್ಟೋ ಸಭೆಗಳಲ್ಲಿ ಅದು ಎಂದಿನಿಂದಲೂ ಇದೆ.

ಮದುವೆಯ ಮಾತೂ ಒಂದು ಸೇರಿಸ್ತೀನಿ, ಹುಡುಗಿಯರಿಗೆ ಇದೇ ಇಷ್ಟ. 1662ರಲ್ಲಿ ವಧು ಗಂಡನಿಗೆ ವಿಧೇಯಳಾಗಿರುತ್ತೇನೆ ಅಂತ ಹೇಳಬೇಕು, ವರನಿಗೆ ಆ ಮಾತಿಲ್ಲ. ಪಾರ್ಲಿಮೆಂಟ್ ಬಿಸಾಡಿದ 1928ರ ಪುಸ್ತಕದಲ್ಲಿ ಇಬ್ಬರಿಗೂ ಒಂದೇ ಮಾತು. 1981ರಲ್ಲಿ ಡಯಾನಾ ಆ ಪದ ಹೇಳಲಿಲ್ಲ ಅಂತ ಪೇಪರಿನಲ್ಲೆಲ್ಲ ಬಂತು. 2011ರಲ್ಲಿ ಕೇಟ್ ಕೂಡ ಹೇಳಲಿಲ್ಲ.

ಲೀಡ್ಸ್_ಕನ್ನಡಿಗ:
ಎಲ್ಲರಿಗೂ ಥ್ಯಾಂಕ್ಸ್. ಈ ಹಳೇ ಪುಸ್ತಕದ ಆರಾಧನೆಯನ್ನು ಹಾಡಿನ ಸಮೇತ ಕೇಳಬೇಕಾದರೆ ಎಲ್ಲಿಗೆ ಹೋಗಬೇಕು? 8 ಗಂಟೆಯದ್ದು ತುಂಬಾ ಒಣ ಒಣ.

ಆರ್ಗನ್_ಬೆಂಚು:
ಈವನ್‌ಸಾಂಗ್‌ಗೆ ಹೋಗಿ. ಕ್ರ್ಯಾನ್ಮರ್ ಸಂಜೆಯ ಎರಡು ಪ್ರಾರ್ಥನೆಗಳನ್ನು ಒಂದು ಮಾಡಿದ್ದೇ ಅದು. ಕ್ಯಾಥೀಡ್ರಲ್‌ಗಳಲ್ಲಿ ವಾರದ ದಿನಗಳಲ್ಲೂ ಇರುತ್ತೆ, ಹೆಚ್ಚಾಗಿ ಸಂಜೆ ಐದು, ಐದೂವರೆಗೆ. ನಿಮಗೆ ಯಾರ್ಕ್ ಮಿನ್‌ಸ್ಟರ್ ಹತ್ತಿರ. ಕಟ್ಟಡ ನೋಡೋಕೆ ಟಿಕೆಟ್ ಇದೆ, ಆರಾಧನೆಗೆ ಇಲ್ಲ. ಬಾಗಿಲಲ್ಲಿ ಈವನ್‌ಸಾಂಗ್‌ಗೆ ಬಂದೆ ಅಂತ ಹೇಳಿ. ಸ್ವಲ್ಪ ಬೇಗ ಹೋದರೆ ಗಾಯಕರ ಪಕ್ಕದ ಸಾಲಿನಲ್ಲೇ ಕೂರಿಸ್ತಾರೆ. ಎಲ್ಲರೂ ಎದ್ದಾಗ ಏಳಿ, ಕೂತಾಗ ಕೂರಿ, ಬೇರೇನೂ ಮಾಡಬೇಕಾಗಿಲ್ಲ. ಹೋಗೋಕೆ ಆಗದಿದ್ದರೆ ಬಿಬಿಸಿ ರೇಡಿಯೊದಲ್ಲಿ 1926ರಿಂದ ಪ್ರಸಾರ ಆಗ್ತಾ ಇದೆ. ಬರ್ಡ್ ಅಥವಾ ಗಿಬ್ಬನ್ಸ್ ಅವರ ರಚನೆ ಇರುವ ದಿನ ನೋಡಿಕೊಂಡು ಕೇಳಿ. ಬರ್ಡ್ ಕಟ್ಟಾ ಕ್ಯಾಥೊಲಿಕ್, ಚರ್ಚಿಗೆ ಬರಲಿಲ್ಲ ಅಂತ ದಂಡದ ಪಟ್ಟಿಗೂ ಸೇರಿದ್ದವರು. ಎಲಿಜಬೆತ್‌ಳ ಅರಮನೆ ಚಾಪೆಲ್‌ಗೆ ಈ ಪುಸ್ತಕದ ಮಾತುಗಳಿಗೇ ರಾಗ ಹಾಕಿಕೊಟ್ಟರು.